ಸಾಲದ ಸಾಲು

ಮುದುಕ ಹದ್ದೂ ಬಂದವನೇ ಕೆಟಲಿನಲ್ಲಿ ಉಳಿದಿದ್ದ ಚಹಾವನ್ನು ಪುದೀನ ಎಲೆ ಸಮೇತ ಹುಡುಗರ ಬೆಂಕಿಯ ಮೇಲೆ ಸುರಿದ. ಬಾರ್ಲಿ ಹುಲ್ಲು ಚುಂಯ್ ಎಂದು ಹೊಗೆಯಾಯಿತು. ಸುತ್ತ ಕಾಯಲಿಟ್ಟಿದ್ದ ತಮಟೆಗಳ ಚರ್ಮ ಇನ್ನೂ ಅರ್ಧ ಹದಕ್ಕೂ ಬಂದಿರಲಿಲ್ಲ.

"ಹೋಟೆಲಲ್ಲಿ ಹೀಟರ್ ಇರುತ್ತಲ್ಲ, ಅಲ್ಲೇ ಕಾಯಿಸ್ಕೊಳ್ಳಿ," ಎಂದ ಮುದುಕ. "ಇದು ಊರಿನ ಬೆಂಕಿ."

ಬಾಸೂ ಮುಷ್ಟಿ ಬಿಗಿದು ಎದ್ದ. ಇಜ್ಜಾ ತಮ್ಮನ ಅಂಗಿ ಹಿಡಿದೆಳೆದು ಕೂರಿಸಿದಳು. "ಕೈ ಎತ್ತಿದ್ರೆ ಸೋತ್ವಿ ಕಣೋ. ಅವನಿಗೆ ಬೇಕಾಗಿರೋದೂ ಅದೇ."

ಇಜ್ಜಾಳ ತಂಡದವರೆಲ್ಲ ಇದೇ ಊರಲ್ಲಿ ಹುಟ್ಟಿದವರು. ಕುಣಿಯುವುದು ಮಾತ್ರ ಬೆಟ್ಟದ ಕೆಳಗಿನ ಪಟ್ಟಣದ ಹೋಟೆಲಿನ ಅಂಗಳದಲ್ಲಿ. ಬೆಳಗಿನ ತನಕ ಹಾಡಿ ಕುಣಿಯಬೇಕಾದ ಅಹ್ವಾಶನ್ನು ಅಲ್ಲಿ ಊಟದ ಸೂಪಿಗೂ ಕೋಳಿಗೂ ನಡುವೆ ಮುಗಿಸಿ ಜಾಗ ಖಾಲಿ ಮಾಡಬೇಕಿತ್ತು. ಪ್ರವಾಸಿಗರು ಅವರ ತಾಳಕ್ಕೆ ತಲೆದೂಗುತ್ತಿದ್ದರು. ಹದ್ದೂ ಮಾತ್ರ ತಾಳಲಾರೆ ಎನ್ನುತ್ತಿದ್ದ.

ಇಂದು ಇಜ್ಜಾಳ ಸೋದರತ್ತೆಯ ಮಗಳ ಮದುವೆ. ಮದುಮಗಳೇ ಹಟ ಹಿಡಿದು ಇವರನ್ನು ಕರೆಸಿದ್ದಳು. ಆದರೆ ಕುಣಿಯುವ ಕಣದ ಯಜಮಾನ ಹದ್ದೂ. ಹೊಸಬರು ಕಣಕ್ಕಿಳಿದರೆ ಅವನು ಪದ ಕಟ್ಟಿ ಹಂಗಿಸುತ್ತಾನೆ, ಅವರು ಪದದಲ್ಲೇ ತಿರುಗಿ ಕೊಡಬೇಕು. ಆ ಉತ್ತರವನ್ನು ಹೆಂಗಸರ ಸಾಲು ಎತ್ತಿಕೊಂಡು ಹಾಡಿದರೆ ಕಣ ಹೊಸಬರದು. ಹೆಂಗಸರು ತುಟಿ ಬಿಚ್ಚದಿದ್ದರೆ ಮುಂದಿನ ಸುಗ್ಗಿಯ ತನಕ ಆ ಕಡೆ ತಲೆ ಹಾಕುವ ಹಾಗಿಲ್ಲ. ಹೀಗೆ ಎಷ್ಟೋ ಹುಡುಗರನ್ನು ಅವನು ಬಾಯಿ ಮುಚ್ಚಿಸಿ ಕಳಿಸಿದ್ದ. ಹದ್ದೂನ ಎದುರು ಹದ್ದು ಮೀರಿದವರು ಯಾರೂ ಇರಲಿಲ್ಲ. ಅವನ ಸ್ವಂತ ಮಕ್ಕಳೇ ತಮಟೆ ಬಿಟ್ಟು ಟ್ಯಾಕ್ಸಿಯ ಸ್ಟಿಯರಿಂಗ್ ಹಿಡಿದಿದ್ದರು. ಇವತ್ತು ಸೋತರೆ ಇಜ್ಜಾಗೆ ಉಳಿಯುವುದು ಸೂಪು, ಕೋಳಿಗಳ ನಡುವಿನ ಜಾಗ ಮಾತ್ರ.

ಬಿಸಿಲು ಇಳಿಯುವಾಗ ಹೆಂಗಸರು ಹೆಗಲಿಗೆ ಹೆಗಲು ತಾಗಿಸಿ ಸಾಲುಗಟ್ಟಿದರು. ತುದಿಯಲ್ಲಿ ಇಜ್ಜಾ, ಅವಳ ಹುಡುಗಿಯರು. ಬಾಸೂ ಸಡಿಲ ಚರ್ಮದ ತಮಟೆ ಹಿಡಿದು ಅವರ ಹಿಂದೆ ನಿಂತ. ಎದುರಿಗೆ ಹದ್ದೂ ಮತ್ತು ಅವನ ಕೆಲವೇ ಮುದುಕರು. ಅವನು ತಮಟೆ ಎತ್ತಿ, ಆತುರವಿಲ್ಲದೆ ಬಡಿಯುತ್ತಾ ಹಾಡಿದ:

"ಗಂಟಲಿಲ್ಲದ ಮರಿಗಳು ಬಂದವು,
ಜೇಬಿನೊಳಗೆ ಗಂಟೆ;
ಅದು ಬಡಿದಾಗಲೆ ಇವರ ಕುಣಿತ,
ಬಡಿಯೋರು ನಾವು ಯಾಕಂತೆ?"

ಕಣಕ್ಕೆ ಕಣವೇ ನಕ್ಕಿತು. ಸಾಲದ್ದಕ್ಕೆ ಆಗಲೇ ಬಾಸೂನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮದುಮಗಳೂ ಮುಸುಕಿನೊಳಗೆ ನಕ್ಕಳು.

ಇಜ್ಜಾ ಎದುರು ಸಾಲನ್ನು ದಿಟ್ಟಿಸಿದಳು. ಹಲ್ಲುದುರಿದ ಬಾಯಿಯಂಥ ಸಾಲು. ಹದ್ದೂನ ಬಲಕ್ಕೆ ಒಬ್ಬ ಮನುಷ್ಯ ಹಿಡಿಸುವಷ್ಟು ಖಾಲಿ. ಪದ ತಾನಾಗಿ ನಾಲಗೆಗೆ ಬಂತು:

"ಹದ್ದೂನ ಬಾಯಲಿ ಪದದ ಸಾಲು
ಸಾವಿರಕೆ ನಿಲದು;
ಹೆಗಲಿಗೆ ಹೆಗಲು ಕೊಡುವವರಿಲ್ಲ,
ಕುಣಿವ ಸಾಲೇ ಸಾಲದು."

ಹದ್ದೂನ ತಮಟೆ ಬಡಿಯುತ್ತಲೇ ಇತ್ತು. ಆಮೇಲೆ ಸಾಲಿನ ನಡುವಿನಿಂದ ಗಿರಣಿಯವನ ಹೆಂಡತಿ ಕಿಸಕ್ಕೆಂದಳು. ಅವಳ ದಪ್ಪ ಸೊಂಟದ ಮೇಲೆ ಹದ್ದೂ ಪ್ರತಿ ಮದುವೆಯಲ್ಲೂ ಪದ ಕಟ್ಟಿದ್ದ. ಅವಳೇ ಮೊದಲು ಎತ್ತಿಕೊಂಡಳು; ಪಕ್ಕದವಳು ಸೇರಿದಳು; ಸಾಲು ಅಲೆಯಂತೆ ಬಾಗಿ ಎದ್ದಿತು. ವರ್ಷಗಳ ಬಾಕಿಯನ್ನೆಲ್ಲ ಹೆಂಗಸರು 'ಸಾಲದು' ಎಂಬಲ್ಲಿ ಚುಕ್ತಾ ಮಾಡಿದರು.

"ಅಕ್ಕ, ಗೆದ್ವಿ," ಎಂದು ಬಾಸೂ ಹಿಂದಿನಿಂದ ಪಿಸುಗುಟ್ಟಿದ.

ಎರಡನೇ ಸುತ್ತಿನಲ್ಲಿ ಇಜ್ಜಾ ಸಾಲಿನುದ್ದಕ್ಕೂ ಹೆಮ್ಮೆಯಿಂದ ನೋಡಿದಳು. ಒಂದು ಬಾಯಿ ಮಾತ್ರ ಮುಚ್ಚಿತ್ತು. ತಾಮೂ ಅಜ್ಜಿಯದು. ಅವಳ ಗಂಡ ಬಿಹಿ, ಮೀಸೆ ಮೂಡಿದಂದಿನಿಂದ ಹದ್ದೂನ ಬಲಕ್ಕೆ ನಿಂತು ಕುಣಿದವನು, ಈ ಚಳಿಗಾಲದಲ್ಲಿ ತೀರಿಕೊಂಡಿದ್ದ. ಸುದ್ದಿ ಹೋಟೆಲಿಗೆ ಫೋನಿನಲ್ಲಿ ಬಂದಿತ್ತು. ಇಜ್ಜಾ ನಾಲ್ಕು ಮರುಕದ ಮಾತಾಡಿ ಬಟ್ಟೆ ಬದಲಿಸಲು ಓಡಿದ್ದಳು. ಸತ್ತವನ ಜಾಗವನ್ನು ವರ್ಷ ತುಂಬುವ ತನಕ ಯಾರೂ ತುಂಬಬಾರದು ಎಂಬ ಊರ ಕ್ರಮ ನೆನಪಾದದ್ದು ಈಗ.

ಒಮ್ಮೆ ಸಾಲು ಎತ್ತಿಕೊಂಡ ಪದವನ್ನು ಹಾಡಿದವಳೂ ವಾಪಸು ಪಡೆಯುವಂತಿಲ್ಲ. ತಮಟೆ ನಿಲ್ಲುವ ತನಕ ಅದನ್ನು ಹಾಡಲೇಬೇಕು. ಹಿರಿಯ ತಮಟೆಯವನು ಗತಿ ಏರಿಸುತ್ತಾ ಹೋಗಿ ಒಂದೇ ಪೆಟ್ಟಿನಲ್ಲಿ ಕಡಿದರೆ ಪದ ಮುಗಿಯಿತು. ಇಜ್ಜಾ ಆ ಪೆಟ್ಟಿಗಾಗಿ ಕಾದಳು.

ಹದ್ದೂ ಏರಿಸಲಿಲ್ಲ. ಕಣ್ಣನ್ನು ಅವಳ ಮೇಲೇ ನೆಟ್ಟು, ಒಂದೇ ಹದದಲ್ಲಿ, ಹಾಲು ಕರೆಯುವವನ ನಿಧಾನದಲ್ಲಿ ಬಡಿಯುತ್ತಲೇ ಇದ್ದ. ಸಾಲು ಮುಂದೆ ಬಂತು, ಹಿಂದೆ ಸರಿಯಿತು. ಗಿರಣಿಯವನ ಹೆಂಡತಿಯ ದನಿ ಕುಗ್ಗಿತು. ಒಬ್ಬೊಬ್ಬರೇ ತುಟಿ ಆಡಿಸುವುದಕ್ಕೆ ಇಳಿದರು. ಪದ ಕಟ್ಟಿದವಳಿಗೆ ಆ ಸವಲತ್ತೂ ಇರಲಿಲ್ಲ. ಪ್ರತಿ ಸುತ್ತಿಗೂ ಅವಳು ಅವನ ಮುಖಕ್ಕೆ ಮುಖ ಕೊಟ್ಟು 'ಸಾಲದು' ಎನ್ನಬೇಕಿತ್ತು.

ಅವನು ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದ. ಮುದುಕರ ಕಾಲಡಿಯಲ್ಲೆಲ್ಲ ಧೂಳೆದ್ದಿತು. ಧೂಳೇಳದ ಆ ಖಾಲಿ ಜಾಗದ ಕಡೆಗೆ ಅವನ ಬಲ ಹೆಗಲು, ಯಾರಿಗೋ ಆನಿಸಿದಂತೆ, ಸ್ವಲ್ಪವೇ ವಾಲಿತ್ತು.