ಮನೆ ಕಾಣದ ನಕ್ಷತ್ರ

ಕತ್ತಲಾಗುತ್ತಲೇ ಪಡುವಣದಿಂದ ಮೋಡ ಏರತೊಡಗಿತ್ತು. ಹಲ್ಲಿನ ಡಾಕ್ಟರಮ್ಮ ಮಹಡಿಯ ಮೇಲೆ ದೂರದರ್ಶಕದ ಪಕ್ಕ ಕುಳಿತು, ಹೋದ ತಿಂಗಳ ಚಿತ್ರವನ್ನೂ ಈಗಿನದನ್ನೂ ಲ್ಯಾಪ್‌ಟಾಪಿನಲ್ಲಿ ತಾಳೆ ನೋಡುತ್ತಿದ್ದಳು. ಹಳೆಯದರಲ್ಲಿ ಬರೀ ಕಪ್ಪು ಇದ್ದಲ್ಲಿ ಹೊಸದರಲ್ಲೊಂದು ಬೆಳಕಿನ ಚುಕ್ಕೆ. ನಕ್ಷತ್ರ ಸಿಡಿದು ಸೂಪರ್ನೋವಾ ಆದರೆ ಹೀಗೆಯೇ ಕಾಣಬೇಕು. ಆದರೆ ನಕ್ಷತ್ರಗಳು ಸಿಡಿಯುವುದು ಗ್ಯಾಲಕ್ಸಿಗಳೊಳಗೆ. ಇದರ ಸುತ್ತ ಗ್ಯಾಲಕ್ಸಿಯ ಮಬ್ಬು ಕೂಡ ಇರಲಿಲ್ಲ.

“ಹೋದ ಸಲದ ಹಾಗೆ ಇದೂ ಕ್ಷುದ್ರಗ್ರಹ ಆಗಿದ್ರೆ?” ಎಂದಳು ಪಕ್ಕದಲ್ಲಿ ಕೂತಿದ್ದ ನಾದಿನಿ.

ಹೋದ ಸಲ ಡಾಕ್ಟರಮ್ಮನ ಆತುರದ ಸುದ್ದಿ ನಂಬಿ ವೀಕ್ಷಣಾಲಯದವರು ದೊಡ್ಡ ದೂರದರ್ಶಕ ತಿರುಗಿಸಿ, ಸಮಯ ದಂಡ ಮಾಡಿಕೊಂಡಿದ್ದರು. ಇನ್ನೊಮ್ಮೆ ಹಾಗಾದರೆ ಇವಳ ಸುದ್ದಿಯನ್ನು ಅಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

“ಕ್ಷುದ್ರಗ್ರಹ ಆಗಿದ್ರೆ ಇಷ್ಟೊತ್ತಿಗೆ ಜಾಗ ಬಿಟ್ಟಿರ್ತಿತ್ತು. ಇದು ಅಲುಗಿಲ್ಲ. ಕ್ಯಾಮೆರಾದ ಕಲೆಯೂ ಅಲ್ಲ. ದೂರದರ್ಶಕ ಸ್ವಲ್ಪ ಸರಿಸಿದೆ, ಮಿಕ್ಕ ನಕ್ಷತ್ರಗಳ ಜೊತೇಲೇ ಸರೀತು.”

“ಹಾಗಾದ್ರೆ ವೀಕ್ಷಣಾಲಯಕ್ಕೆ ಕಳಿಸು ಅತ್ತಿಗೆ. ಬಾಯಿ ತೆರೆದ ಪೇಷಂಟಿನ ಹಾಗೆ ಯಾಕೆ ಕೂತಿದೀಯ?”

ಅಷ್ಟರಲ್ಲಿ ಫೋನು ಬಂತು. ಅವಳಿದ್ದ ಹವ್ಯಾಸಿ ವೀಕ್ಷಕರ ತಂಡದ ಹಿರಿಯರು. ಎಲ್ಲರ ಬಾಯಲ್ಲಿ ಮೇಷ್ಟ್ರು. ಚಿತ್ರ ಅವರಿಗೂ ಹೋಗಿತ್ತು.

“ಚುಕ್ಕೆ ನಿಜವಾದದ್ದೇ ಕಣಮ್ಮ. ಆದರೆ ಗ್ಯಾಲಕ್ಸಿ ಇಲ್ಲ ಅಂದ್ರೆ ಕಸದ ಬುಟ್ಟಿಗೆ ಹಾಕ್ತಾರೆ. ಚಿತ್ರದ ಮೂಲೇಲಿ ಒಂದು ಗ್ಯಾಲಕ್ಸಿ ಇದೆಯಲ್ಲ, ಅದರದ್ದು ಅಂತ ಬರೆದುಬಿಡು.”

“ಅದು ಎಲ್ಲೋ ಇದೆ ಮೇಷ್ಟ್ರೇ.”

“ಹತ್ತಿರದ ನೆಂಟರು ಇಲ್ಲದಾಗ ದೂರದವರನ್ನೇ ಕರೀಬೇಕು.”

ಅತ್ತ ದರಿ, ಇತ್ತ ಪುಲಿ. ಮೂಲೆಯ ಗ್ಯಾಲಕ್ಸಿಯ ಹೆಸರು ಹಾಕಿದರೆ ನಂಬುತ್ತಾರೆ; ಆದರೆ ಮಾಮೂಲಿ ಸ್ಫೋಟವೆಂದು ಸಾಲಿನ ಕೊನೆಗೆ ತಳ್ಳುತ್ತಾರೆ. ಇದರ ಸರದಿ ಬರುವಷ್ಟರಲ್ಲಿ ಆಕಾಶದ ಈ ಭಾಗ ಸೂರ್ಯನ ಮರೆಗೆ ಸರಿದು, ಚುಕ್ಕೆ ಆರಿಹೋಗಿರುತ್ತದೆ.

“ಒಸಡಿನಿಂದ ಹಲ್ಲು ಹೊರಗೆ ಬಂದಿಲ್ಲ ಅಂತ ಪಕ್ಕದ ಹಲ್ಲಿನ ಹೆಸರು ಬರೆಯೋಕಾಗುತ್ತಾ? ಗ್ಯಾಲಕ್ಸಿ ಇಲ್ಲ ಅಂತಲೂ ಬರೆಯಲ್ಲ. ಕಾಣ್ತಿಲ್ಲ ಅಂತ ಬರೀತೀನಿ.”

“ಹಾಗಾದ್ರೆ ತಂಡದ ಹೆಸರು ಹಾಕಬೇಡ,” ಎಂದು ಮೇಷ್ಟ್ರು ಫೋನಿಟ್ಟರು.

ಅವಳು ತಂಡದ ಹೆಸರು ಅಳಿಸಿ ತನ್ನದೊಂದನ್ನೇ ಉಳಿಸಿದಳು. ‘ಗ್ಯಾಲಕ್ಸಿ ಕಾಣುತ್ತಿಲ್ಲ, ನಮ್ಮ ಕ್ಯಾಮೆರಾಕ್ಕೆ ಸಿಗದಷ್ಟು ಮಸುಕಾಗಿರಬಹುದು’ ಎಂದು ಬರೆದು, ಎರಡು ಸಲ ಓದಿ ಕಳಿಸಿದಳು. ಮೋಡ ನೆತ್ತಿಯವರೆಗೆ ಬಂದಿತ್ತು. ಇನ್ನು ಇಲ್ಲಿಂದ ಪರೀಕ್ಷಿಸಲು ಆಕಾಶವೇ ಇರಲಿಲ್ಲ.

“ಹಲ್ಲು ಕಡೀಬೇಡ,” ಎಂದಳು ನಾದಿನಿ. “ನಿನ್ನ ಹಲ್ಲಿಗೆ ಯಾವ ಡಾಕ್ಟರನ್ನ ಹುಡುಕೋದು?”

ಅವಳಿಗೆ ನಗು ಬರಲಿಲ್ಲ. ಮತ್ತೆ ಫೋನು ಸದ್ದು ಮಾಡಿದಾಗ ತಟ್ಟನೆ ಎತ್ತಿಕೊಂಡಳು.

“ವೀಕ್ಷಣಾಲಯದಿಂದ. ಗ್ಯಾಲಕ್ಸಿ ಕಾಣುತ್ತಿಲ್ಲ ಅಂತ ಬರೆದವರು ನೀವಾ?” ಅಪರಿಚಿತ ಹೆಣ್ಣುದನಿ.

“ಹೌದು.”

“ಮೂಲೆಯದನ್ನ ನೋಡಿರಲಿಲ್ವಾ?”

“ನೋಡಿದ್ದೆ. ಅದರದ್ದು ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ.”

ಆಚೆ ಕೀಲಿಗಳನ್ನು ಒತ್ತುವ ಸದ್ದು.

“ಸರಿ. ಗ್ಯಾಲಕ್ಸಿ ಕಾಣದ ಸ್ಫೋಟ ಅಪರೂಪ, ಚುಕ್ಕೆ ಮುಳುಗೋದಕ್ಕೆ ಮುಂಚೆ ದೂರದರ್ಶಕ ತಿರುಗಿಸ್ತೀವಿ. ಸ್ಥಾನ ಇನ್ನೊಮ್ಮೆ ಓದಿ, ನಿಧಾನವಾಗಿ.”

ಅವಳು ಬೆರಳನ್ನು ಪರದೆಗೆ ಒತ್ತಿಹಿಡಿದು, ಒಂದೊಂದೇ ಅಂಕಿ ಓದತೊಡಗಿದಳು.