ನಾಲ್ಕು ತಗಡು

ನನ್ನ ಅಕ್ಕ ದಾನಮ್ಮ ಬಾಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ಮರಳು ಹೊರುತ್ತಿದ್ದಳು. ಊರು ಬಿಟ್ಟು ದುಡಿಯಲು ಬಂದ ಶಹಾಡ್‌ನಲ್ಲಿ ನಾವು ಕಟ್ಟುತ್ತಿದ್ದ ಬಿಲ್ಡಿಂಗಿನ ಹೆಂಗಸರೆಲ್ಲ ಹಾಗೆಯೇ. ಬೀಜವಿದ್ದರೆ ಬಾಯಿ ಒಣಗದು, ನೀರು ಬೇಡ. ನೀರು ಕುಡಿದರೆ ಹೋಗಬೇಕು. ಎಲ್ಲಿಗೆ? ಸುತ್ತ ಜನರ ಕಿಟಕಿಗಳು, ಆಚೆ ರೈಲು ಹಳಿ. ಗಂಡಸರು ನಾವು ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದೆವು. ‘ನಮ್ಮಕ್ಕ ಒಂಟೆ ಇದ್ದಂಗ, ದಿನಾಪೂರ್ತಿ ನೀರು ಕೇಳಂಗಿಲ್ಲ’ ಎಂದು ಹೆಮ್ಮೆಪಡುತ್ತಿದ್ದೆ. ಕತ್ತೆ ನಾನು.

ಒಂದು ದಿನ ಬುಟ್ಟಿ ಸಮೇತ ಬಿದ್ದಳು. ಸುಡುವ ಜ್ವರ, ಉಚ್ಚೆಯಲ್ಲಿ ರಕ್ತ. ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನೇ ಬೈದಳು: “ಪಾನಿ ನಹೀ ಪಿಲಾತೆ ಕ್ಯಾ? ಏಕ್ ಕಿಡ್ನಿ ಗಯಿ!” ನೀರಿಲ್ಲದೆ ಒಂದು ಕಿಡ್ನಿ ಹೋಗಿತ್ತು; ಉಳಿದದ್ದಕ್ಕೆ ನೀರೇ ಔಷಧ ಎಂದಳು.

ಹತ್ತನೇ ದಿನ ಅಕ್ಕ ಕೆಲಸಕ್ಕೆ ಬಂದಳು. ಬಾಯಲ್ಲಿ ಮತ್ತೆ ಬೀಜ.

“ಉಗುಳ್ ಅಕ್ಕಾ, ಸಾಯ್ತಿ!”

“ಸಾಯೋದು ಒಮ್ಮೆ. ಮಾನ ಹೋಗೋದು ದಿನಾ.”

ನಮ್ಮನ್ನು ಊರಿಂದ ಕರೆತಂದ ಮುಕಾದಮ್ ಮಾನಪ್ಪನ ಬಳಿ ಓಡಿದೆ. “ಅಣ್ಣಾ, ನಾಕು ತಗಡು ಕೊಡ್ರಿ. ಹೆಂಗಸರಿಗೆ ಪಾಯಖಾನಿ ನಾನ ಕಟ್ತೀನಿ.”

“ಬಿಲ್ಡಿಂಗ್ ಮುಗೀಲಿ ತಡಿಯೋ, ನಲವತ್ನಾಕು ಪಾಯಖಾನಿ ಆಗ್ತಾವ. ನಿಮ್ಮಕ್ಕಗ ಯಾವುದು ಬೇಕು ಆರಿಸ್ಕೊ!”

ಎಲ್ಲರೂ ನಕ್ಕರು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅರ್ಜಿ ಬರೆಯಲು ಬಾರದು. ಸಿಟ್ಟು ಬರುತ್ತದೆ.

ಮರುದಿನ ಬೆಳಿಗ್ಗೆ ಕೊಡದ ತುಂಬ ನೀರು ತಂದು ಮರಳಿನ ಗುಡ್ಡೆಯ ಮೇಲಿಟ್ಟೆ. “ಕುಡೀರಿ.”

ಹಿರಿಯಳಾದ ಮರಗಮ್ಮ ಗದರಿದಳು: “ಹುಚ್ಚಾ, ಕುಡದು ಎಲ್ಲಿ ಹೋಗೂಣು?”

“ಸ್ಯಾಂಪಲ್ ಫ್ಲ್ಯಾಟಿಗೆ.”

ಗಿರಾಕಿಗಳಿಗೆ ತೋರಿಸಲೆಂದು ಕೆಳಗೆ ಅದೊಂದೇ ಮನೆ ಮುಗಿಸಿದ್ದರು. ಅಲ್ಲಿ ಬಿಳಿ ಕಮೋಡು ಹೊಳೆಯುತ್ತಿತ್ತು.

ಅಕ್ಕ ನನ್ನನ್ನೇ ನೋಡಿದಳು. ಬೀಜ ಉಗುಳಿದಳು. ಗಟಗಟ ಕುಡಿದಳು. ಆಮೇಲೆ ಮರಗಮ್ಮ ಕೊಡ ಎಳೆದುಕೊಂಡಳು.

ಹತ್ತು ಗಂಟೆಗೆ ಹದಿನೇಳು ಹೆಂಗಸರು ಸಿಮೆಂಟು ಮೆತ್ತಿದ ಕಾಲಲ್ಲಿ ಸ್ಯಾಂಪಲ್ ಫ್ಲ್ಯಾಟಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಗಿರಾಕಿಗಳು. ಮಾನಪ್ಪ ಬೆವರುತ್ತ ಓಡಿಬಂದ.

“ತಂಗೀ, ಮರ್ಯಾದಿ ತಗೀಬ್ಯಾಡ್ರಿ!”

“ಯಾರದು?” ಎಂದಳು ಅಕ್ಕ.

ಮಧ್ಯಾಹ್ನದೊಳಗೆ ತಗಡು ಬಂದವು. ನಾನೇ ನಿಲ್ಲಿಸಿದೆ. ಅಕ್ಕ ಎಲ್ಲರಿಗಿಂತ ಮೊದಲು ಹೋದಳು. ಹೊರಬಂದವಳು ತಗಡು ಹಿಡಿದು ಕುಸಿದಳು. “ಇನ್ನೂ ಕೆಂಪೈತೋ, ತಮ್ಮಾ.”

ದೀಪಾವಳಿಯನ್ನು ಅವಳು ನೋಡಲಿಲ್ಲ.

ಈಗ ಬದಲಾಪುರದ ಸೈಟು. ಮೊದಲ ದಿನವೇ ಮರಗಮ್ಮ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. ಹೆಂಗಸರೆಲ್ಲ ಕುಳಿತರು. “ಮೊದ್ಲ ನಾಕು ತಗಡು. ಆಮ್ಯಾಲ ಮರಳು.” ಹೊಸ ಮುಕಾದಮ್ ಬೈಯುತ್ತಲೇ ಇದ್ದ.

ಊರಿಂದ ಹೊಸದಾಗಿ ಬಂದವಳೊಬ್ಬಳ ದವಡೆ ಉಬ್ಬಿತ್ತು. ನಾನು ಅವಳ ಮುಂದೆ ಅಂಗೈ ಒಡ್ಡಿದೆ.

“ಉಗುಳವ್ವಾ.”