ಹೂಂಗುಟ್ಟುವ ಹಕ್ಕಿ

ನಮ್ಮ ಭಾವ ಹಲ್ಲಿನ ಡಾಕ್ಟರು. ಬಾಯಿ ತೆರೆದುಕೊಂಡು ಬಿದ್ದಿರುವವರ ಮುಂದೆ ಮಾತಾಡಿ ಮಾತಾಡಿ, ಎದುರಿನವರು ಸುಮ್ಮನಿದ್ದರೆ ಒಪ್ಪಿದರು ಎಂದೇ ತಿಳಿಯುವ ಮನುಷ್ಯ. ಅವರ ಕ್ಲಿನಿಕ್ಕಿನಲ್ಲಿ ಬಂದವರನ್ನು ಕೂರಿಸಿ ಸರದಿಯಂತೆ ಒಳಗೆ ಕಳಿಸುವ ಕೆಲಸ ನನ್ನದು. ಗಾಜಿನ ಬಾಗಿಲಿನಾಚೆಯ ಆ ಪ್ರವಚನ ದಿನವೂ ನನ್ನ ಕಿವಿಗೆ ಬೀಳುತ್ತದೆ. ಅಕ್ಕನಿಗೆ ಮನೆಯಲ್ಲೂ ಅದೇ. ಮದುವೆಯಾದಾಗಿನಿಂದ ಗಂಡನೆದುರು ಅವಳು ಆಡಿದ್ದು ಒಂದೇ ಮಾತು, ‘ಹೂಂ’.

ಈಚೆಗೆ ಭಾವನಿಗೆ ಹಕ್ಕಿಯ ಹುಚ್ಚು. ಭಾನುವಾರ ಬೆಳಿಗ್ಗೆ ದಂಡು ಕಟ್ಟಿಕೊಂಡು ಕೆರೆಯಂಚಿನ ಉದ್ಯಾನಕ್ಕೆ ಹೋಗುತ್ತಾರೆ. ಎಲ್ಲರಿಗೂ ಎಲೆಬಣ್ಣದ ಅಂಗಿ, ಮೈಯೆಲ್ಲ ಜೇಬು, ಕೊರಳಲ್ಲಿ ದುರ್ಬೀನು. ಹಕ್ಕಿಗೆ ಕಾಣಬಾರದೆಂದು ಎಲೆಬಣ್ಣ ತೊಟ್ಟು, ಆಮೇಲೆ ಊರಿಗೆಲ್ಲ ಕೇಳುವಂತೆ ಹರಟುವ ಜನ. ಅಲ್ಲಿ ಮರಗಳ ತೋಪಿದೆ, ಹುಲ್ಲುಬಯಲಿದೆ, ಕೆಸರಿನ ದಡವಿದೆ, ಅದರಾಚೆ ಆಳೆತ್ತರದ ಜೊಂಡು. ತೋಪಿನಲ್ಲಿ ಕಂಡದ್ದನ್ನು ಭಾವ ಗಿಡುಗ ಎಂದರು. ಅದು ಕಾಗೆ ಎಂದು ನನಗೂ ಗೊತ್ತು, ಕಾಗೆಗೂ ಗೊತ್ತು. ಆದರೆ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಕ್ಕ ದಂಡಿನ ಜೊತೆ ತಿರುಗುತ್ತಿರಲಿಲ್ಲ. ಜೊಂಡಿನೆದುರಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ಯಾರ ಮಾತೂ ಕಿವಿಗೆ ಬೀಳದ ಜಾಗ ಅವಳಿಗೆ ಅದೊಂದೇ. ಆ ಹಕ್ಕಿಯನ್ನು ಮೊದಲು ಕೇಳಿದವಳು ಅವಳೇ. ಜೊಂಡಿನೊಳಗೆ ಅಡಗಿ, ಖಾಲಿ ಕೊಡದೊಳಗೆ ಊದಿದಂತೆ ‘ಹೂಂ’ ಎನ್ನುತ್ತದೆ.

“ನನ್ ಥರಾನೇ ಹೂಂಗುಟ್ಟುತ್ತೆ ಕಣೇ,” ಎಂದು ನಕ್ಕಿದ್ದಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಅದನ್ನು ನಾನು ಭಾವನಿಗೆ ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನದಿಂದ ಅದನ್ನು ಕಂಡುಹಿಡಿದವರು ಅವರೇ.

ಅಷ್ಟರಲ್ಲಿ ಜೊಂಡು ಕೊಯ್ದು ದೋಣಿ ನಿಲ್ಲಿಸುವ ಕಟ್ಟೆ ಮಾಡುತ್ತಾರೆಂಬ ಸುದ್ದಿ ಬಂತು. ಅಕ್ಕನಿಗೆ ಊಟ ಸೇರಲಿಲ್ಲ. ಅಪರೂಪದ ಹಕ್ಕಿ ಅಲ್ಲಿದೆಯೆಂದು ಭಾವ ಉದ್ಯಾನದ ಅಧಿಕಾರಿಯ ಮುಂದೆ ಎದೆ ತಟ್ಟಿಕೊಂಡರು.

“ನಾನೇ ಕಿವಿಯಾರೆ ಕೇಳಿದ್ರೆ ಜೊಂಡು ಮುಟ್ಸಲ್ಲ,” ಎಂದರು ಅಧಿಕಾರಿ. ಮಾತಿಗೆ ತಪ್ಪದೆ ಶುಕ್ರವಾರ ಬೆಳಿಗ್ಗೆ ಬಂದರು ಕೂಡ. ನಾವೂ ಭಾವನ ದಂಡೂ ಆಗಲೇ ಜೊಂಡಿನೆದುರು ಸೇರಿದ್ದೆವು.

ಗಾಳಿ ಬೀಸುತ್ತಿತ್ತು. ಹಕ್ಕಿಯ ಸದ್ದಿಲ್ಲ.

“ಸ್ವಲ್ಪ ತಾಳ್ಬೇಕು ಕಣೇ, ಗಾಳಿ ನಿಂತ್ರೆ ಕೂಗುತ್ತೆ,” ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ತಾಳುವುದು ಭಾವನ ಜಾಯಮಾನದಲ್ಲೇ ಇಲ್ಲ. ಹಕ್ಕಿ ಎಲ್ಲಿದೆ ನೋಡಿ ಬರುತ್ತೇನೆಂದು ಜೊಂಡಿನ ಹಿಂದೆ ಮರೆಯಾದರು. ತುಸು ಹೊತ್ತಿಗೆ ‘ಹೂಂ’ ಕೇಳಿಸಿತು. ದಂಡು ಪುಳಕಗೊಂಡಿತು. ಒಬ್ಬಾಕೆಯಂತೂ ಕಣ್ಣೊರೆಸಿಕೊಂಡಳು. ಅಧಿಕಾರಿಯ ಮುಖ ಅರಳಿತು. ಅಕ್ಕ ಮಾತ್ರ ನನ್ನ ಮೊಣಕೈ ಬಿಗಿಯಾಗಿ ಹಿಡಿದಳು. ಮತ್ತೆ ‘ಹೂಂ’. ಅದರ ಬೆನ್ನಿಗೇ ಜೊಂಡಿನೊಳಗಿಂದ ಒಂದು ಗಂಡು ದನಿ ಗಟ್ಟಿಯಾಗಿ ಹೇಳಿತು: “ಈ ಕೂಗು ಇಷ್ಟ ಆಯ್ತಾ? ಹಾಗಾದ್ರೆ ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ!”

ಭಾವ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಈಚೆ ಬಂದರು. “ಅದು... ಹಕ್ಕೀನ ಕರೆಯೋ ವಿಧಾನ ಸಾರ್. ವೈಜ್ಞಾನಿಕ.”

“ನಾಳೆ ಕೊಯ್ಯೋ ಮಷಿನ್ ಬರುತ್ತೆ ಡಾಕ್ಟ್ರೇ,” ಎಂದು ಅಧಿಕಾರಿ ತಿರುಗಿ ಹೊರಟರು.

ಆಗ ಗಾಳಿ ನಿಂತಿತು. ಜೊಂಡಿನ ನಟ್ಟನಡುವಿನಿಂದ ‘ಹೂಂ’ ಎಂದು ಬಂತು.

ಅಧಿಕಾರಿ ಹಿಂದಿರುಗಿಯೂ ನೋಡಲಿಲ್ಲ. “ಸಾಕು ಮಾರಾಯ್ರೇ, ಆ ಫೋನ್ ಆಫ್ ಮಾಡಿ!”

ಅವರನ್ನು ಬೈಯಲಾರೆ. ಆದರೆ ನಮ್ಮ ಭಾವ? “ಸಾರಿ ಸಾರ್, ಸಾರಿ” ಎನ್ನುತ್ತ ಜೇಬಿಗೆ ಕೈಹಾಕಿ, ಆಗಲೇ ಆಫ್ ಆಗಿದ್ದ ಫೋನನ್ನು ಮತ್ತೆ ಮತ್ತೆ ಒತ್ತಿದರು. ತಾವೇ ಕಂಡುಹಿಡಿದ ಹಕ್ಕಿಯ ದನಿ ಆ ಮಹಾನುಭಾವರಿಗೆ ಗೊತ್ತಾಗಲಿಲ್ಲ!

“ಸಾರ್, ಇದು ನಿಜವಾದ ಹಕ್ಕಿ!” ಎಂದು ನಾನು ಕೂಗಿದೆ. ಅಧಿಕಾರಿ ನಕ್ಕು ಕೈಬೀಸಿ ಹೋಗಿಯೇಬಿಟ್ಟರು. ದಂಡು ಕೂಡ ನನ್ನನ್ನು ನೋಡಿ ಹಲ್ಲುಕಿರಿಯಿತು.

“ಇವರಿಗೆಲ್ಲಾ ಹಕ್ಕಿ ಅಂದ್ರೆ ಏನು ಗೊತ್ತು?” ಭಾವ ಪ್ಯಾಂಟಿನ ಕೆಸರು ಕೆರೆಯುತ್ತ ಅಕ್ಕನಿಗೆ ಹೇಳಿದರು. “ಬಾ, ಮನೆಗೆ ಹೋಗೋಣ.” ಉತ್ತರಕ್ಕೂ ಕಾಯದೆ ಹೆಜ್ಜೆ ಹಾಕಿದರು. ಉತ್ತರ ಏನೆಂದು ಗೊತ್ತಿತ್ತಲ್ಲ.

“ಊಹೂಂ,” ಎಂದಳು ಅಕ್ಕ.

ಭಾವ ನಿಂತರು, ಬಾಯಿ ತೆರೆದರು. ಆ ಕ್ಷಣ ಅವರ ಕುರ್ಚಿಯಲ್ಲಿ ಬಿದ್ದುಕೊಳ್ಳುವ ರೋಗಿಗಳ ಹಾಗೇ ಕಂಡರು.

“ಮಷಿನ್ ಬರೋವರೆಗೂ ಇಲ್ಲೇ ಇರ್ತೀನಿ. ಬಂದ್ಮೇಲೂ ಏಳಲ್ಲ,” ಎಂದು ಅಕ್ಕ ಬೆಂಚಿನಲ್ಲಿ ಕೂತಳು.

ಕ್ಲಿನಿಕ್ಕು ತೆರೆಯುವ ಹೊತ್ತಾಗಿತ್ತು, ಅದರ ಬೀಗದ ಕೈ ನನ್ನ ಚೀಲದಲ್ಲಿತ್ತು. ನಾನೂ ಅವಳ ಪಕ್ಕದಲ್ಲಿ ಕೂತೆ.